ಮಾರ್ಜಿನ್ನಿನಲ್ಲಿ ಉಳಿದ ಮೂರಕ್ಷರ

ನಮ್ಮ ಮನೆಯವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಮೂವತ್ತೊಂದು ವರ್ಷದಿಂದ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ಮನುಷ್ಯ ಸಂಜೆ ಮನೆಗೆ ಬಂದ ಮೇಲೆ ಆ ಕೆಲಸ ಬಿಡುತ್ತಾನೆ ಎಂದು ಯಾರಾದರೂ ತಿಳಿದಿದ್ದರೆ, ಅಂಥವರು ಕರಡು ತಿದ್ದುವವರ ಜೊತೆ ಸಂಸಾರ ಮಾಡಿಲ್ಲ ಎಂದರ್ಥ. ಔಷಧಿ ಸೀಸೆಯ ಮೇಲಿನ ಸೂಚನೆ, ಬಸ್ಸಿನ ಬೆನ್ನಿನ ಬರಹ, ಅಂಗಡಿಯವನು ಸಾಬೂನು ಸುತ್ತಿ ಕೊಟ್ಟ ಕಾಗದ, ಯಾವುದೂ ಅವರ ಕೆಂಪು ಪೆನ್ನಿನಿಂದ ಪಾರಾಗಿಲ್ಲ. ಯಾವ ಬೋರ್ಡು ಕಂಡರೂ ಅರೆಗಳಿಗೆ ನಿಂತು ಮುಂದೆ ಹೋಗುತ್ತಾರಾದ್ದರಿಂದ ಬೀದಿಯವರು ಅವರಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದಾರೆ. ಇದು ಅವರಿಗೂ ಗೊತ್ತು. “ಪೂರ್ಣವಿರಾಮ ಅನ್ಲಿಲ್ವಲ್ಲ ಸದ್ಯ” ಎಂದು ಸಮಾಧಾನಪಟ್ಟುಕೊಂಡಿದ್ದಾರೆ.

ಇಂಥ ಮನೆಗೆ ಇಂಟರ್ನೆಟ್ ಬರಬೇಕಾಗಿ ಬಂದದ್ದು ನನ್ನಿಂದ. ಇಪ್ಪತ್ತೇಳು ವರ್ಷದ ಹಿಂದೆ ಕೊನೆಯ ವರ್ಷದಲ್ಲಿ ಬಿಟ್ಟ ಡಿಗ್ರಿಯನ್ನು ಈಗ ಅಂಚೆ ಮೂಲಕ ಮುಗಿಸುತ್ತಿದ್ದೆ. ಬರೆಯುವ ಪರೀಕ್ಷೆಗಳೆಲ್ಲ ಪಾಸಾಗಿ, ಸಮಾಜಶಾಸ್ತ್ರದ ಮೌಖಿಕ ಪರೀಕ್ಷೆಯೊಂದು ಬಾಕಿ ಇತ್ತು. ವಿಶ್ವವಿದ್ಯಾಲಯದ ಕಾಗದ ಹೀಗಿತ್ತು: ಮೂವತ್ತನೇ ತಾರೀಖು, ಮಧ್ಯಾಹ್ನ ಮೂರು ಗಂಟೆ, ವಿಡಿಯೋ ಮೂಲಕ, ಹದಿನೈದು ನಿಮಿಷ. ಸಂಪರ್ಕ ಮೂರು ಬಾರಿ ಕಡಿದುಹೋದಲ್ಲಿ ಅಭ್ಯರ್ಥಿಯನ್ನು ಗೈರುಹಾಜರು ಎಂದು ಪರಿಗಣಿಸಲಾಗುವುದು. ಇದು ಕೊನೆಯ ಅವಕಾಶ.

ಆ ಕಾಗದವನ್ನು ಸಾರಿನಪುಡಿ ಡಬ್ಬಿಯ ಹಿಂದೆ ಇಟ್ಟು, ದಿನಕ್ಕೆ ಮೂರು ಸಲ ತೆಗೆದು ಓದುತ್ತಿದ್ದೆ. ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದು ಬಚ್ಚಲಿನ ಕಿಟಕಿಯಲ್ಲಿ ಮಾತ್ರ, ಅದೂ ಒಂದೇ ಕಡ್ಡಿ. ಬಚ್ಚಲಿನಲ್ಲಿ ನಿಂತು ಸಮಾಜದ ರಚನೆಯನ್ನು ವಿವರಿಸುವುದು ಹೇಗೆ? ಬೀದಿಯವರಿಗೆ ನಾನು ಓದುತ್ತಿರುವುದನ್ನು ಹೇಳಿಯೂ ಇರಲಿಲ್ಲ. ಫೇಲಾದರೆ ನಲವತ್ತೆಂಟರ ಹೆಂಗಸು ಫೇಲಾದಳು ಎಂದು ಹೇಳಲು ಒಂದು ಬೀದಿ ಪೂರ್ತಿ ಬೇಕಾಗಿರಲಿಲ್ಲ; ಎದುರುಮನೆಯ ಟೈಲರಮ್ಮ ಒಬ್ಬಳೇ ಸಾಕಿತ್ತು.

ಕನೆಕ್ಷನ್ ಕೊಡಲು ಬಂದ ಏಜೆಂಟು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಕುಳಿತ. ಕುಳಿತವನು ಎದ್ದು ಹೋಗುವ ಅವಸರದಲ್ಲೇ ಇದ್ದ.

“ಸಾರ್, ಇಲ್ಲೊಂದು ಸೈನು, ಇಲ್ಲೊಂದು ಸೈನು, ಕೊನೇಲೊಂದು ಸೈನು. ಮುಗೀತು.”

“ಓದದೆ ರುಜು ಹಾಕೋ ಅಭ್ಯಾಸ ನನಗಿಲ್ಲ” ಎಂದು ಇವರು ಕನ್ನಡಕ ಒರೆಸಿಕೊಂಡರು.

ಅಂದು ಭಾನುವಾರ. ಕರಾರುಪತ್ರ ಹನ್ನೊಂದು ಪುಟ. ಮೊದಲ ಪುಟದಲ್ಲಿ ದರದ ಪಕ್ಕ ಒಂದು ನಕ್ಷತ್ರ ಇತ್ತು. ಆ ನಕ್ಷತ್ರ ಒಂಬತ್ತನೇ ಪುಟಕ್ಕೆ ಕಳಿಸಿತು. ಅಲ್ಲಿ ‘ಈ ದರ ಆರಂಭಿಕ’ ಎಂದು ಬರೆದು ಎರಡು ನಕ್ಷತ್ರ ಹಾಕಿದ್ದರು. ಆ ಎರಡು ನಕ್ಷತ್ರ ಹನ್ನೊಂದನೇ ಪುಟಕ್ಕೆ ಕಳಿಸಿದವು. ಅಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ, ‘ಹೆಚ್ಚಿನ ವಿವರಗಳಿಗೆ ನಮ್ಮ ವೆಬ್‌ಸೈಟ್ ನೋಡಿ’ ಎಂದಿತ್ತು.

“ಇಂಟರ್ನೆಟ್ ಬೇಕೋ ಬೇಡವೋ ತಿಳ್ಕೊಳ್ಳೋಕೆ ಮೊದ್ಲು ಇಂಟರ್ನೆಟ್ ಬೇಕು ಅಂದ ಹಾಗಾಯ್ತು” ಎಂದು ಇವರು ತಲೆಯೆತ್ತಿದರು. ಏಜೆಂಟು ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಹೆಲ್ಮೆಟ್ಟು ಮಾತ್ರ ಎಚ್ಚರವಾಗಿದ್ದಂತೆ ನಮ್ಮನ್ನೇ ನೋಡುತ್ತಿತ್ತು.

ಎರಡು ಗಂಟೆಯಲ್ಲಿ ನಲವತ್ತಮೂರು ತಪ್ಪು ಸಿಕ್ಕವು. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಅರ್ಜಿಯಲ್ಲಿ, ನಾವು ಬಯಸಿದ ಯೋಜನೆಯ ಹೆಸರಿನ ಜಾಗದಲ್ಲಿ, ‘ಅನಿಯಮಿತ’ ಎಂದು ಅಚ್ಚಾಗಿತ್ತು.

“ಏನ್ರೀ ಇದು?” ಎಂದು ಇವರು ಏಜೆಂಟನ್ನು ಎಬ್ಬಿಸಿದರು.

“ಅನ್‌ಲಿಮಿಟೆಡ್ ಸಾರ್. ಎಷ್ಟು ಬೇಕಾದ್ರೂ ಬಳ್ಸಿ.”

“ಅದು ಅಪರಿಮಿತ. ಅನಿಯಮಿತ ಅಂದ್ರೆ ನಿಯಮ ಇಲ್ಲದ್ದು. ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ನಾಡಿ ಅನಿಯಮಿತವಾಗಿದೆ ಅಂತ ಡಾಕ್ಟ್ರು ಹೇಳಿದ್ರೆ ಖುಷಿ ಪಡ್ತೀರಾ ನೀವು?”

“ಇಲ್ಲ ಸಾರ್.”

“ಮತ್ತೆ ಇದಕ್ಕೆ ನಾನು ರುಜು ಹಾಕ್ಬೇಕಾ?” ಎನ್ನುತ್ತ ಇವರು ಮುದ್ರಣಾಲಯದ ಪದ್ಧತಿಯಂತೆ ‘ಅನಿಯ’ ಎಂಬ ಮೂರಕ್ಷರದ ಮೇಲೆ ಒಂದು ನೇರವಾದ ಕೆಂಪು ಗೆರೆ ಎಳೆದು, ಆಚೆ ಮಾರ್ಜಿನ್ನಿನಲ್ಲಿ ‘ಅಪರಿ’ ಎಂದು ಮುದ್ದಾಗಿ ಬರೆದರು. ಆಮೇಲೆ ರುಜು.

“ನಲವತ್ಮೂರು ತಪ್ಪು” ಎಂದು ಕೊಟ್ಟರು.

“ನಮ್ಮ ಕಂಪನೀಲಿ ಇಲ್ಲೀತನಕ ಯಾರೂ ಒಂದನೇ ಪುಟ ದಾಟಿರ್ಲಿಲ್ಲ ಸಾರ್” ಎಂದು ಏಜೆಂಟು ಅರ್ಜಿಯನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು ಓಡಿದ. ಮರುದಿನ, ಒಂದನೇ ತಾರೀಖು, ಗೋಡೆಯ ಮೇಲೆ ರೂಟರ್ ಬಂದು ಹಸಿರು ದೀಪ ಮಿಟುಕಿಸಿತು.

ಮೊದಲ ವಾರ ನಮ್ಮ ಮನೆ ಮನೆಯಾಗಿರಲಿಲ್ಲ, ಛತ್ರವಾಗಿತ್ತು. ನಮ್ಮ ಅತ್ತೆಗೆ ಎಪ್ಪತ್ತಾರು. ಅವರು ಹೇಗೋ ಕಾರ್ಪೆಟ್ ತೊಳೆಯುವ ವಿಡಿಯೋಗಳನ್ನು ಕಂಡುಹಿಡಿದರು. ಕೆಸರು ಮೆತ್ತಿದ ಒಂದು ಕಾರ್ಪೆಟ್ಟು, ಅದರ ಮೇಲೆ ನೊರೆ, ಬ್ರಷ್ಷು, ಕಪ್ಪು ನೀರು ಹರಿಯುವುದು, ಕೊನೆಗೆ ಹೂವಿನ ಬಣ್ಣ ಕಾಣುವುದು. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಸಂಜೆ ದೀಪ ಹಾಕಿದ ಮೇಲೆ ಎರಡು.

“ನಮ್ಮನೇಲಿ ಕಾರ್ಪೆಟ್ಟೇ ಇಲ್ವಲ್ಲ ಅತ್ತೆ” ಎಂದೆ.

“ಅದಕ್ಕೇ ಅಲ್ವೇನೇ ನೋಡೋದು. ಜೀವಮಾನವೆಲ್ಲ ನಾನೇ ತೊಳ್ದೆ. ಈಗ ಬೇರೆಯವ್ರು ತೊಳೀತಾರೆ, ನಾನು ಕೂತ್ಕೊಂಡು ನೋಡ್ತೀನಿ” ಎಂದರು. ಈ ಮಾತು ಸಮಾಜಶಾಸ್ತ್ರದ ಪುಸ್ತಕದಲ್ಲಿ ಇರಲಿಲ್ಲ.

ಟೈಲರಮ್ಮ ಮೂರನೇ ದಿನ ಬಂದಳು. “ಅಕ್ಕಾ, ಒಂದೇ ಒಂದು ಕತ್ತಿನ ಡಿಸೈನು ನೋಡ್ಕೊಂಡ್ಬಿಡ್ತೀನಿ. ಗಿರಾಕಿ ತಲೆ ತಿಂತಿದ್ದಾಳೆ.”

ನಾನು ಬಾಯಿ ತೆರೆಯುವ ಮುಂಚೆ ಇವರು ಒಳಗಿನಿಂದ ಬಂದರು. “ಒಂದ್ಯಾಕಮ್ಮ, ನೂರು ನೋಡಿ. ಅಪರಿಮಿತ! ಸಮುದ್ರದಿಂದ ಒಂದು ಚೊಂಬು ಎತ್ಕೊಂಡ್ರೆ ಸಮುದ್ರಕ್ಕೇನಾಗುತ್ತೆ?”

ಪಾಸ್‌ವರ್ಡಿನ ನಡುವೆ ಇವರು ಒಂದು ಅರ್ಧವಿರಾಮ ಚಿಹ್ನೆ ಇಟ್ಟಿದ್ದರು. ಟೈಲರಮ್ಮನ ಫೋನಿನಲ್ಲಿ ಅದನ್ನು ಹುಡುಕಲು ಕಾಲು ಗಂಟೆ ಹಿಡಿಯಿತು. ಸಿಕ್ಕ ಮೇಲೆ ಅದು ಮಹಡಿ ಮೇಲಿನ ಡ್ರಿಲ್ ಮೇಷ್ಟರಿಗೂ ಸಿಕ್ಕಿತು. ಮೇಷ್ಟರು ನಿವೃತ್ತರು, ಹಳೆಯ ಓಟದ ಪಂದ್ಯಗಳನ್ನು ನೋಡುವವರು. ನಮ್ಮ ತಲೆಯ ಮೇಲೆ ದಿನವಿಡೀ “ಹೂಂ, ಓಡು! ಓಡು!” ಎಂದು ಕೇಳುತ್ತಿತ್ತು.

“ರೀ, ನನ್ನ ಪರೀಕ್ಷೆ ಹೊತ್ತಿಗೆ ಉಳಿಯುತ್ತಾ ಇದು?” ಎಂದು ಕೇಳಿದೆ.

“ಮುಗಿಯೋದಿದ್ರೆ ತಾನೇ ಉಳಿಯೋ ಮಾತು?” ಎಂದು ಇವರು ನನ್ನ ಕಡೆ ಕರುಣೆಯಿಂದ ನೋಡಿದರು.

ಹತ್ತನೇ ತಾರೀಖು ಬಚ್ಚಲಿನ ಕಿಟಕಿಯಲ್ಲಿಟ್ಟಿದ್ದ ಇವರ ಫೋನಿಗೆ ಸಂದೇಶ ಬಂತು: ‘ನಿಮ್ಮ ಡೇಟಾದಲ್ಲಿ ಅರ್ಧ ಭಾಗ ಮುಗಿದಿದೆ.’ ನಾನು ಬಕೆಟ್ ಕೈಬಿಟ್ಟು ಕೂಗಿದೆ. ಇವರು ಬಂದು ಸಂದೇಶವನ್ನು ಎರಡು ಸಲ ಓದಿದರು. ಕಾಗುಣಿತ ಸರಿಯಾಗಿತ್ತು, ಹಾಗಾಗಿ ಅವರಿಗೆ ಅದರಲ್ಲಿ ದೋಷವೇನೂ ಕಾಣಲಿಲ್ಲ.

“ಅಪರಿಮಿತದಲ್ಲಿ ಅರ್ಧ ಅಂದ್ರೆ ಎಷ್ಟು?” ಎಂದು ಕೇಳಿದರು.

“ಎಷ್ಟು?”

“ಅಪರಿಮಿತವೇ! ಕೊನೇನೇ ಇಲ್ಲದ್ದನ್ನ ಅರ್ಧ ಮಾಡಿದ್ರೂ ಕೊನೆ ಇರಲ್ಲ. ಗಣಿತ ಅದು. ನೀನು ಓದ್ಕೋ ಹೋಗು.”

ಹದಿನಾರರಂದು ಶೇಕಡಾ ಎಂಬತ್ತು ಮುಗಿದಿದೆ ಎಂದು ಬಂತು. “ಉಳಿದ ಇಪ್ಪತ್ತೂ ಅಪರಿಮಿತ” ಎಂದರು ಇವರು. ಹದಿನೆಂಟರಂದು ಟೈಲರಮ್ಮ ತನ್ನ ಅಕ್ಕನ ಮಗಳಿಗೂ ಅರ್ಧವಿರಾಮ ಹೇಳಿಕೊಟ್ಟಳು. ಇಪ್ಪತ್ತರ ಮಧ್ಯಾಹ್ನ ಮೂರೂಕಾಲಿಗೆ ಅತ್ತೆಯ ಫೋನಿನ ಪರದೆಯಲ್ಲಿ ಒಂದು ಚಕ್ರ ತಿರುಗಲು ಶುರುವಾಯಿತು. ಮಹಡಿಯಲ್ಲಿ “ಓಡು! ಓಡು!” ನಿಂತಿತು. ಕಾರ್ಪೆಟ್ಟು ಸರಿಯಾಗಿ ಅರ್ಧ ತೊಳೆದಾಗಿತ್ತು. ಎಡಭಾಗದಲ್ಲಿ ಕೆಂಪು ಹೂವು, ಬಲಭಾಗದಲ್ಲಿ ಕೆಸರು, ನಡುವೆ ಚಕ್ರ.

“ಲೋ, ಇದು ಕೊಳೆ ಹೋಗ್ತಾನೇ ಇಲ್ಲ ಕಣೋ” ಎಂದು ಅತ್ತೆ ಮಗನನ್ನು ಕರೆದರು. ಆ ಸಂಜೆ ಅವರು ಊಟ ಸರಿಯಾಗಿ ಮಾಡಲಿಲ್ಲ. “ಆ ಬಲಗಡೇದು ಹಾಗೇ ಬಿಟ್ರೆ ಒಣಗಿ ಕಲ್ಲಾಗುತ್ತೆ” ಎಂದು ನಿದ್ದೆಗಣ್ಣಿನಲ್ಲೂ ಹೇಳಿದರು.

ಇವರು ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿದರು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ, ಮತ್ತೆ ಒಂದನ್ನು ಒತ್ತಿ ಮೂವತ್ತೆಂಟು ನಿಮಿಷ ಬಚ್ಚಲಿನಲ್ಲಿ ನಿಂತ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ನಾನು ಬಾಗಿಲಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

“ಸರ್, ನಿಮ್ಮದು ಮಿತ ಪ್ಲಾನ್ ಇದೆ ಸರ್.”

ಒಂದೇ ಕಡ್ಡಿ ಸಿಗ್ನಲ್ಲು. ‘ಮಿತ’ದ ಹಿಂದೆ ಏನೋ ಗೊರಗೊರ ಎಂದಿತು.

“ಹೌದಮ್ಮ, ಅಪರಿಮಿತ. ನಾನೂ ಅದನ್ನೇ ಹೇಳ್ತಿರೋದು.”

“ಹೌದು ಸರ್. ಮಿತ.”

“ಹಾಂ! ನೀವೇ ಒಪ್ಕೊಂಡ್ರಿ. ಮತ್ತೆ ಯಾಕೆ ಮುಗೀತು?”

“ಅದಕ್ಕೇ ಮುಗಿದಿರೋದು ಸರ್. ಬೇಕಿದ್ರೆ ಟಾಪ್-ಅಪ್ ಹಾಕಿಸ್ಕೊಳ್ಳಿ.”

“ಅಪರಿಮಿತಕ್ಕೆ ಟಾಪ್-ಅಪ್ಪಾ? ಆಕಾಶಕ್ಕೆ ಇನ್ನೊಂದು ಮಹಡಿ ಕಟ್ಟೋಕಾಗುತ್ತಾ?”

“ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ ಸರ್.”

ಇವರ ಮುಖ ಬೆಳಗಿತು. “ಅದು ‘ಅನನುಕೂಲ’, ತಾಯಿ. ‘ಅನಾ’ ಅಲ್ಲ, ದೀರ್ಘ ಬೇಡ. ಮತ್ತೆ ಆ ‘ತೆ’ ಕೂಡ ಬೇಡ, ಸುಮ್ನೆ ಬಾಲ ಅದು. ಎಲ್ಲಿ, ಒಂದ್ಸಲ ಹೇಳಿ...”

ಫೋನು ಕಟ್ಟಾಯಿತು. ಇವರು ಅದನ್ನು ಕಿಟಕಿಯಲ್ಲಿಟ್ಟು ಹೊರಬಂದರು. “ನೋಡು, ನಮ್ದು ಅಪರಿಮಿತ ಅಂತ ಅವರೇ ಒಪ್ಕೊಂಡಿದ್ದಾರೆ. ಅಂದ್ಮೇಲೆ ಮುಗೀತು ಅಂದ್ರೆ ಅರ್ಥವೇನು? ಯಾರೋ ಕದೀತಿದ್ದಾರೆ.”

ನಾನು ಕ್ಯಾಲೆಂಡರಿನಲ್ಲಿ ಮೂವತ್ತಕ್ಕೆ ಉಳಿದ ದಿನ ಎಣಿಸಿದೆ. ಹತ್ತು.

ಮರುದಿನವೇ, ಇಂಟರ್ನೆಟ್ ಇನ್ನು ಮನೆಯವರಿಗೆ ಮಾತ್ರ ಎಂದು ನಮ್ಮ ಹೊರಗೋಡೆಗೆ ಪ್ರಕಟಣೆ ಬಿತ್ತು. ಇವರು ಪಾಸ್‌ವರ್ಡಿನ ಅರ್ಧವಿರಾಮವನ್ನು ತೆಗೆದು ವಿವರಣಚಿಹ್ನೆ ಹಾಕಿದರು. ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಟೈಲರಮ್ಮನ ಮನೆಗೆ ಹೋಗಿ, “ನೀವು ಒಟ್ಟು ಎಷ್ಟು ಕತ್ತು ನೋಡಿದಿರಿ?” ಎಂದು ಕೇಳಿದರು.

ಟೈಲರಮ್ಮ ಕತ್ತರಿ ಹಿಡಿದೇ ನಮ್ಮ ಬಾಗಿಲಿಗೆ ಬಂದಳು. “ಏನಕ್ಕಾ ಇದು? ನಾನೇನು ನಿಮ್ಮನೆ ಇಂಟರ್ನೆಟ್ಟನ್ನ ಬಕೆಟ್‌ನಲ್ಲಿ ತುಂಬ್ಕೊಂಡು ಹೋದ್ನಾ? ಸಮುದ್ರ ಅಂದೋರು ಯಾರು? ಚೊಂಬು ಅಂದೋರು ಯಾರು? ಇವತ್ತಿಂದ ನಿಮ್ಮ ಗುಂಡಿ ನೀವೇ ಹೊಲ್ಕೊಳ್ಳಿ!”

ಮಹಡಿಯಿಂದ ಮೇಷ್ಟರು ಬಗ್ಗಿ, “ನಾನೂ ಕೇಳಿಸ್ಕೊಂಡೆ. ನನ್ನನ್ನೂ ಲೆಕ್ಕಕ್ಕೆ ಸೇರಿಸಿದ್ದಾರಂತೆ ಅಲ್ಪವಿರಾಮ!” ಎಂದು ಗುಡುಗಿದರು. ಆ ಮಾತಿನಿಂದ ಇವರಿಗೆ ಒಂದು ಹೊಸ ನೋವು. ಅಡ್ಡಹೆಸರನ್ನು ಎದುರಿಗೇ ಹೇಳಿದ್ದು ಅದೇ ಮೊದಲು.

ಹೀಗೆ ಒಂದೇ ದಿನದಲ್ಲಿ ನಮಗೆ ಡೇಟಾವೂ ಇಲ್ಲ, ನೆರೆಹೊರೆಯೂ ಇಲ್ಲ. ಟೈಲರಮ್ಮನ ಮನೆಯ ಜಗಲಿಯಲ್ಲಿ ಮೊಬೈಲಿಗೆ ನಾಲ್ಕು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಕೊನೆಯ ಪಕ್ಷ ಅಲ್ಲಿ ಕುಳಿತು ಪರೀಕ್ಷೆ ಕೊಡಬಹುದಿತ್ತು ಎಂದು ನಾನು ಒಳಗೊಳಗೇ ಇಟ್ಟುಕೊಂಡಿದ್ದ ದಾರಿಯೂ ಮುಚ್ಚಿತು. ತಾರೀಖು ಇಪ್ಪತ್ತೊಂದು.

“ರೀ, ಆಫೀಸಿಗೇ ಹೋಗ್ಬಿಡೋಣ.”

“ಬಾಯಿಮಾತಿಗೆ ಬೆಲೆ ಇಲ್ಲ ಕಣೇ. ಬರಹದಲ್ಲಿ ಕೊಡ್ಬೇಕು.”

ಕಂಪನಿಗೆ ದೂರಿನ ಪತ್ರ ಬರೆಯಲು ಕೂತರು. ಮೊದಲ ಕರಡು ಇಪ್ಪತ್ತೆರಡಕ್ಕೆ ಮುಗಿಯಿತು. ಅದನ್ನು ತಿದ್ದಿದರು. ಎರಡನೆಯ ಕರಡಿನಲ್ಲಿ ‘ದಯವಿಟ್ಟು’ ಎರಡು ಸಲ ಬಂದಿತ್ತು, ತಿದ್ದಿದರು. ಇಪ್ಪತ್ತಾರನೇ ತಾರೀಖು ಪೂರ್ತಿ ಒಂದು ಅಲ್ಪವಿರಾಮದ ಮೇಲೆ ಕಳೆಯಿತು; ಬೆಳಿಗ್ಗೆ ಹಾಕಿದರು, ಸಂಜೆ ತೆಗೆದರು. ನಾನು ಕುಟುಂಬದ ಕಾರ್ಯಗಳನ್ನು ಬಾಯಿಪಾಠ ಮಾಡುತ್ತ, ಅವರ ಬೆನ್ನನ್ನು ನೋಡುತ್ತ, ಅನ್ನ ಸೀಯಿಸಿದೆ. ಅತ್ತೆ ದಿನಕ್ಕೆ ನಾಲ್ಕು ಸಲ ಫೋನು ತೆರೆದು ಅರ್ಧ ಕೆಸರಿನ ಕಾರ್ಪೆಟ್ಟನ್ನು ನೋಡಿ ನಿಟ್ಟುಸಿರಿಟ್ಟು ಮುಚ್ಚುತ್ತಿದ್ದರು. ಪತ್ರ ಇಪ್ಪತ್ತೊಂಬತ್ತಕ್ಕೆ ಸಿದ್ಧವಾಯಿತು. ಅದರಲ್ಲಿ ಒಂದೂ ತಪ್ಪಿರಲಿಲ್ಲ, ದಿನವೂ ಉಳಿದಿರಲಿಲ್ಲ.

ಮೂವತ್ತರ ಬೆಳಿಗ್ಗೆ ನಾನು ಸೀರೆ ಸುತ್ತಿಕೊಂಡು ಬಾಗಿಲಲ್ಲಿ ನಿಂತೆ. “ನೀವು ಬರ್ತೀರೋ, ನಾನೊಬ್ಳೇ ಹೋಗ್ಲೋ?”

ಕಂಪನಿಯ ಆಫೀಸಿನಲ್ಲಿ ನಮಗೆ ಸಿಕ್ಕ ಚೀಟಿಯ ನಂಬರು ತೊಂಬತ್ತೊಂದು. ಗೋಡೆಯ ಮೇಲೆ ಮೂವತ್ತಾರು ಎಂದು ಕೆಂಪು ಅಂಕಿ ಉರಿಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ನಮ್ಮಂಥವರೇ. ಒಬ್ಬರು ರೂಟರನ್ನೇ ಚೀಲದಲ್ಲಿ ತಂದಿದ್ದರು, ಆಸ್ಪತ್ರೆಗೆ ಮಗುವನ್ನು ತಂದ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದರು. ಎದುರಿಗೆ ಒಂದು ದೊಡ್ಡ ಭಿತ್ತಿಪತ್ರ: ನಗುವ ಹುಡುಗಿ, ಕೆಳಗೆ ‘ಅನಿಯಮಿತ ಆನಂದ’. ಇವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ನಾನು ಗಡಿಯಾರ ನೋಡಿದೆ. ಹನ್ನೊಂದು. ಹನ್ನೆರಡು. ಒಂದೂಕಾಲು.

ತೊಂಬತ್ತೊಂದು ಬಂದಾಗ ಒಂದೂ ನಲವತ್ತು. ಕಿಟಕಿಯ ಹಿಂದಿನ ಅಧಿಕಾರಿಣಿ ಇವರ ಪತ್ರವನ್ನು ಓದದೆ ಪಕ್ಕಕ್ಕಿಟ್ಟು ಕಂಪ್ಯೂಟರ್ ತಟ್ಟಿದರು. ಒಂಬತ್ತು ದಿನದ ಪತ್ರ!

“ನಿಮ್ಮದು ಮಿತ ಪ್ಲಾನು. ಡೇಟಾ ಇಪ್ಪತ್ತಕ್ಕೇ ಮುಗಿದಿದೆ.”

ಈ ಸಲ ಗೊರಗೊರ ಇರಲಿಲ್ಲ. ‘ಮಿತ’ ಒಂದೇ ಬಂದು ಮೇಜಿನ ಮೇಲೆ ಕುಳಿತುಕೊಂಡಿತು.

“ಮಿತವಾ?” ಎಂದರು ಇವರು.

“ನಮ್ಮಲ್ಲಿರೋದು ಎರಡೇ. ಒಂದು ಅನಿಯಮಿತ, ಒಂದು ಮಿತ. ನೀವು ಮಿತ ಕೇಳಿದ್ದೀರಿ.”

“ನಾನಾ? ಅಸಾಧ್ಯ!”

ಅಧಿಕಾರಿಣಿ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಮ್ಮ ಅರ್ಜಿಯ ಚಿತ್ರ. ಯೋಜನೆಯ ಹೆಸರಿನ ಜಾಗದಲ್ಲಿ ‘ಅನಿಯ’ದ ಮೇಲೆ ನೇರವಾದ, ಅಚ್ಚುಕಟ್ಟಾದ ಕೆಂಪು ಗೆರೆ. ಉಳಿದದ್ದು ‘ಮಿತ’.

ಇವರ ಕನ್ನಡಕ ಜಾರಿತು. “ಮಾರ್ಜಿನ್ ತೋರ್ಸಿ.”

“ಏನು?”

“ಮಾರ್ಜಿನ್! ಅಲ್ಲಿ ‘ಅಪರಿ’ ಅಂತ ಬರ್ದಿದ್ದೀನಿ. ಮೂರಕ್ಷರ!”

“ನಮ್ಮ ಸ್ಕ್ಯಾನರು ಮಾರ್ಜಿನ್ ಹಿಡಿಯಲ್ಲ ಸಾರ್.”

ಇವರು ಕಿಟಕಿಯ ಕಟ್ಟೆ ಹಿಡಿದುಕೊಂಡರು. ತಲೆಯಿಲ್ಲದ ಮನುಷ್ಯರ ಊರೊಂದಿದೆ ಎಂದು ಯಾರೋ ಹೇಳಿದ್ದರೆ ಅಷ್ಟು ಬೆಚ್ಚುತ್ತಿರಲಿಲ್ಲ. “ಮಾರ್ಜಿನ್ ಹಿಡಿಯದ ಸ್ಕ್ಯಾನರಾ? ಮೂವತ್ತೊಂದು ವರ್ಷ ನಾನು ಬರೆದದ್ದೆಲ್ಲ ಮಾರ್ಜಿನ್‌ನಲ್ಲೇ...”

ಎರಡು ಗಂಟೆ ಹೊಡೆಯಿತು. ನಾನು ಮುಂದೆ ಬಂದೆ. “ಮೇಡಂ, ನನಗೆ ಮೂರು ಗಂಟೆಗೆ ಪರೀಕ್ಷೆ ಇದೆ. ಟಾಪ್-ಅಪ್ಪಾದರೂ ಕೊಡಿ.”

“ತಿಂಗಳ ಕೊನೇ ಎರಡು ದಿನ ಟಾಪ್-ಅಪ್ ಇಲ್ಲಮ್ಮ. ಪ್ಲಾನು ಬದಲಾಯಿಸಬಹುದು, ಅರ್ಧ ಗಂಟೇಲಿ ಬರುತ್ತೆ. ಕನೆಕ್ಷನ್ ಇವರ ಹೆಸರಲ್ಲಿದೆ, ಇವರೇ ಸೈನ್ ಮಾಡ್ಬೇಕು.” ಒಂದು ಹೊಸ ಅರ್ಜಿಯನ್ನು ಸರಿಸಿ ಇವರನ್ನು ಕಡೆಗಣ್ಣಿನಲ್ಲಿ ನೋಡಿದರು. “ಏನೂ ಹೊಡೆದುಹಾಕೋ ಹಾಗಿಲ್ಲ. ಒಂದು ಗೆರೆ ಬಿದ್ರೂ ಅರ್ಜಿ ತಿರಸ್ಕಾರ ಆಗುತ್ತೆ.”

ಅರ್ಜಿಯಲ್ಲಿ ಒಂದೇ ವಾಕ್ಯ ಇತ್ತು: ‘ನಾನು ಅನಿಯಮಿತ ಸೇವೆಯನ್ನು ಬಯಸುತ್ತೇನೆ.’

ಇವರು ಪೆನ್ನು ತೆಗೆದರು. ಕೈ ಆ ಪದದ ಮೇಲೆ ಬಂದು ನಿಂತಿತು. ಹಿಂದಿನ ತೊಂಬತ್ತೆರಡನೇ ನಂಬರಿನವರು ಕೆಮ್ಮಿದರು. ಎರಡೂ ಐದು.

“ತಪ್ಪು ಅಂತ ಗೊತ್ತಿದ್ದೂ ರುಜು ಹಾಕ್ಬೇಕಾ?” ಎಂದರು ಇವರು, ನನಗೆ ಮಾತ್ರ ಕೇಳುವಂತೆ.

“ನಾನೂ ಹಾಕಿದ್ದೀನಿ.”

“ಯಾವಾಗ?”

“ಮದುವೆಗೆ ಮುಂಚೆ. ಕಾಲೇಜು ಬಿಡೋ ಅರ್ಜಿಗೆ. ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಅಂತ ಅಚ್ಚಾಗಿತ್ತು.”

“‘ಸ್ವಇಚ್ಛೆ’ ಅಲ್ಲ ಕಣೇ, ಅಲ್ಲಿ ಸಂಧಿ...” ಎಂದು ಶುರುಮಾಡಿದವರು ಅಲ್ಲೇ ನಿಂತರು. ಅಲ್ಪವಿರಾಮವಲ್ಲ ಅದು. ನನ್ನ ಮುಖವನ್ನು ಒಂದು ಸಲ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅಕ್ಷರ ಕಾಣದ ಹಾಗೆ ಮಾಡಿಕೊಂಡು, ಅಧಿಕಾರಿಣಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕಿದರು. ಮೂವತ್ತೊಂದು ವರ್ಷದಲ್ಲಿ ತಪ್ಪು ತಿದ್ದದೆ ಹಾಕಿದ ಮೊದಲ ರುಜು ಸ್ವಲ್ಪ ಸೊಟ್ಟಗಿತ್ತು.

ಆಟೋ ಹಿಡಿದು ಎರಡೂ ನಲವತ್ತೆಂಟಕ್ಕೆ ಮನೆ ಮುಟ್ಟಿದರೆ ರೂಟರಿನಲ್ಲಿ ಕೆಂಪು ದೀಪ. ಎದುರುಮನೆಯಲ್ಲಿ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಆ ಸದ್ದಿನಲ್ಲಿ ಪರೀಕ್ಷೆ ನಡೆಯುವಂತಿರಲಿಲ್ಲ. ಮರ್ಯಾದೆ ಬದಿಗಿಟ್ಟು ಓಡಿದೆ. “ಟೈಲರಮ್ಮ, ಬೈಯೋದಿದ್ರೆ ಮೂರೂಕಾಲಿಗೆ ಬೈಯಿ. ಈಗ ಮಷೀನು ನಿಲ್ಸು. ನನ್ನ ಡಿಗ್ರಿ ಪರೀಕ್ಷೆ ಇದೆ.”

ಅವಳ ಕಾಲು ಪೆಡಲಿನ ಮೇಲೇ ನಿಂತಿತು. “ಡಿಗ್ರೀನಾ? ಅಯ್ಯೋ ಅಕ್ಕಾ, ಇದನ್ನ ಮೊದ್ಲೇ ಹೇಳ್ಬಾರ್ದಾ? ನಾನು ಕತ್ತೇ ನೋಡ್ತಿರ್ಲಿಲ್ವಲ್ಲ!” ಎಂದು ರಸ್ತೆಗೆ ಬಂದು ಮಹಡಿಯ ಕಡೆ ಕೈಮಾಡಿ ಕೂಗಿದಳು. “ಮೇಷ್ಟ್ರೇ! ನಿಮ್ಮ ಓಟ ನಿಲ್ಸಿ! ಅಕ್ಕನಿಗೆ ಡಿಗ್ರಿ ಪರೀಕ್ಷೆ!” ನಾನು ಮೂರು ವರ್ಷ ಮುಚ್ಚಿಟ್ಟದ್ದು ಮೂರು ಕ್ಷಣದಲ್ಲಿ ಬೀದಿಯ ಕೊನೆ ಮುಟ್ಟಿತು.

ಒಳಗೆ ಬಂದು ತಮ್ಮನಿಂದ ಎರವಲು ತಂದಿದ್ದ ಲ್ಯಾಪ್‌ಟಾಪ್ ತೆರೆದೆ. ಚಕ್ರ. ಎರಡೂ ಐವತ್ತೇಳು. ಚಕ್ರ.

ಆಗ ಕೋಣೆಯಿಂದ ಅತ್ತೆಯ ಕೂಗು ಕೇಳಿಸಿತು. “ಬಂತು! ಬಂತು ಕಣೇ! ಬಲಗಡೇನೂ ಬೆಳ್ಳಗಾಯ್ತು!”

ದೀಪ ಹಸಿರಾಗಿತ್ತು. “ಅಮ್ಮಾ, ಫೋನು ಮುಚ್ಚು!” ಎಂದು ಇವರು ಹಾರಿದರು. ಪರದೆಯ ಮೇಲೆ ಪರೀಕ್ಷಕರು ಮೂಡಿದರು: ಬಿಳಿಕೂದಲಿನ, ಬಿಗಿದ ತುಟಿಯ ಹೆಂಗಸು.

“ಕುಟುಂಬ ಎಂದರೇನು? ಅದರ ಕಾರ್ಯಗಳನ್ನು ಹೇಳಿ.”

ಹೇಳತೊಡಗಿದೆ. ಎರಡನೇ ಕಾರ್ಯದಲ್ಲಿ ಪರೀಕ್ಷಕರು ಬಾಯಿ ತೆರೆದಂತೆಯೇ ಕಲ್ಲಾದರು. ಮತ್ತೆ ಚಲಿಸಿದರು. “ಒಂದು ಬಾರಿ ಕಡಿದಿದೆ” ಎಂದರು. ಅನಿಯಮಿತ ಎಂದು ಕಂಪನಿ ಬರೆದಿದ್ದರಲ್ಲಿ ಸುಳ್ಳಿರಲಿಲ್ಲ, ಬರುತ್ತಿತ್ತು, ಹೋಗುತ್ತಿತ್ತು. ಕಿಟಕಿಯ ಹೊರಗಿನಿಂದ ಮೇಷ್ಟರು, “ಎತ್ತರ! ಎತ್ತರಕ್ಕೆ ಹಿಡೀರಿ!” ಎಂದು ಪಿಸುದನಿಯಲ್ಲಿ ಆಜ್ಞೆ ಕೊಟ್ಟರು. ಇವರು ರೂಟರನ್ನು ವೈರಿನ ಸಮೇತ ಗೋಡೆಯಿಂದ ಬಿಡಿಸಿ, ಸ್ಟೂಲಿನ ಮೇಲೆ ಹತ್ತಿ, ತಲೆಯ ಮೇಲೆ ಎರಡು ಕೈಯಲ್ಲಿ ಎತ್ತಿ ಹಿಡಿದರು. ಎಂಟನೇ ನಿಮಿಷದಲ್ಲಿ ಎರಡನೆಯ ಸಲ ಕಡಿಯಿತು. ಇನ್ನೊಂದು ಸಲವಾದರೆ ಗೈರುಹಾಜರು. ಇವರು ತುದಿಗಾಲಲ್ಲಿ ನಿಂತರು. ಬಾಗಿಲಲ್ಲಿ ಟೈಲರಮ್ಮ ಬಾಯಿಗೆ ಅಳತೆಪಟ್ಟಿ ಕಚ್ಚಿಕೊಂಡು ನಿಂತಿದ್ದಳು.

“ಕೊನೆಯ ಪ್ರಶ್ನೆ” ಎಂದರು ಪರೀಕ್ಷಕರು. ನನ್ನ ಕಡತದಿಂದ ಕಣ್ಣೆತ್ತಿದರು. “ಇದು ಪಠ್ಯದ್ದಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಓದು ನಿಲ್ಲಿಸಿದ್ದು ಏಕೆ?”

ಹೇಳಿದೆ. ಮದುವೆಯ ಮಾತು, ಆ ‘ಸ್ವಇಚ್ಛೆ’ಯ ಅರ್ಜಿ, ಎಲ್ಲ ಸೇರಿ ಅರ್ಧ ನಿಮಿಷವಿರಬಹುದು. ಮುಗಿಸಿ ನೋಡಿದರೆ ಪರದೆಯ ಮೇಲೆ ಅವರ ಮುಖ ಚೌಕಚೌಕವಾಗಿ ಒಡೆದಿತ್ತು. ಚೌಕಗಳು ನಿಧಾನವಾಗಿ ಕೂಡಿಕೊಂಡವು.

“ಧ್ವನಿ ಹೋಯಿತು, ಮುಖ ಉಳಿದಿತ್ತು. ಹಾಗಾಗಿ ಇದನ್ನು ಕಡಿದದ್ದು ಎಂದು ಬರೆಯುವುದಿಲ್ಲ. ಇನ್ನೊಮ್ಮೆ ಹೇಳುತ್ತೀರಾ?” ಎಂದರು. ಆಮೇಲೆ ಕಡತ ಮುಚ್ಚಿ, “ಬೇಡ ಬಿಡಿ, ಸಾಕು” ಎಂದರು.

ಅವರಿಗೆ ಕೇಳಿಸದಿದ್ದರೂ ಸ್ಟೂಲಿನ ಮೇಲೆ ನಿಂತವರಿಗೆ ಪೂರ್ತಿ ಕೇಳಿಸಿತ್ತು. ಪರೀಕ್ಷೆ ಮುಗಿದು ಎರಡು ನಿಮಿಷವಾದರೂ ಇವರು ರೂಟರ್ ಇಳಿಸಿರಲಿಲ್ಲ. ಮೇಷ್ಟರೇ ಒಳಗೆ ಬಂದು, “ವಿಶ್ರಾಮ್!” ಎಂದ ಮೇಲೆ ಇಳಿದರು.

ಹನ್ನೆರಡು ದಿನದ ಮೇಲೆ ಅಂಚೆಯಲ್ಲಿ ಫಲಿತಾಂಶದ ಹಾಳೆ ಬಂತು. ನನಗೆ ಬಿಚ್ಚುವ ಧೈರ್ಯವಿರಲಿಲ್ಲ. ಇವರು ಕನ್ನಡಕ ಹಾಕಿಕೊಂಡು ಓದಿದರು. ಅವರು ಓದುವುದು ಎಂದರೆ ಗೊತ್ತಲ್ಲ, ಮೊಹರಿನಿಂದ ಶುರುಮಾಡಿದರು. ಅತ್ತೆ, ಟೈಲರಮ್ಮ ಇಬ್ಬರೂ ಅವರ ಹೆಗಲ ಮೇಲೆ ಬಗ್ಗಿದ್ದರು.

“‘ಧ್ವನಿಯು ಅನಿಯಮಿತವಾಗಿ ಕೇಳಿಬಂದಿದೆ’” ಎಂದು ಗಟ್ಟಿಯಾಗಿ ಓದಿ ತಲೆದೂಗಿದರು. “ನೋಡಿ! ಇಲ್ಲಿ ಸರಿಯಾಗಿ ಬಳಸಿದ್ದಾರೆ!”

“ಅಣ್ಣಾ, ಪಾಸೋ ಫೇಲೋ ಹೇಳಿ, ಪ್ರಾಣ ಹೋಗ್ತಿದೆ!” ಎಂದಳು ಟೈಲರಮ್ಮ.

ಇವರ ಕೈ ಜೇಬಿನ ಕೆಂಪು ಪೆನ್ನಿಗೆ ಹೋಯಿತು. “ಒಂದು ತಪ್ಪಿದೆ.”

ನಾನು ಹಾಳೆಯತ್ತ ಕೈ ಚಾಚಿದೆ.

“‘ಉತ್ತೀರ್ಣ’ ಅಂತಿರ್ಬೇಕು. ದೀರ್ಘ ಬಿಟ್ಟು ‘ಉತ್ತಿರ್ಣ’ ಮಾಡಿದ್ದಾರೆ.”

ಟೈಲರಮ್ಮ ಕಿರುಚಿ ಅತ್ತೆಯನ್ನು ಅಪ್ಪಿಕೊಂಡಳು. ಇವರು ಪೆನ್ನಿನ ಮುಚ್ಚಳ ತೆಗೆದರು. ಹಾಳೆಯ ಮೇಲೆ ಬಗ್ಗಿ, ಎಂದಿನಂತೆ ಮಾರ್ಜಿನ್ನಿನ ಕಡೆ ಕೈ ಒಯ್ದರು. ಒಯ್ದ ಕೈ ಅಲ್ಲೇ ನಿಂತಿತು. ಆಮೇಲೆ ಪೆನ್ನನ್ನು ತಿರುಗಿಸಿ ಹಿಡಿ ನನ್ನ ಕಡೆ ಬರುವಂತೆ ಚಾಚಿದರು.

“ಇದು ನಿನ್ನ ಹಾಳೆ. ನೀನೇ ತಿದ್ದು.”

ಇಪ್ಪತ್ತೇಳು ವರ್ಷದಲ್ಲಿ ಆ ಪೆನ್ನನ್ನು ನಾನು ಮುಟ್ಟಿದ್ದು ಅಂಗಿ ಒಗೆಯುವ ಮುನ್ನ ಜೇಬಿನಿಂದ ತೆಗೆದಿಡಲು ಮಾತ್ರ. ಕೈಯಲ್ಲಿ ಹಿಡಿದೆ, ಹಗುರವಾಗಿತ್ತು. ಆ ದೀರ್ಘವನ್ನು ಮಾರ್ಜಿನ್ನಿನಲ್ಲಿ ಹಾಕಲಿಲ್ಲ. ಅಕ್ಷರದ ಮೈಮೇಲೆಯೇ, ಯಾವ ಸ್ಕ್ಯಾನರಿಗೂ ತಪ್ಪದ ಹಾಗೆ, ದಪ್ಪಗೆ ಎಳೆದೆ.